ರಾಣಿ ಛಾಪಿನ ಸವತಿ

ನನ್ನ ಸವತಿಯನ್ನು ನಾನು ನೋಡಿದವಳಲ್ಲ. ನಾನು ವಾಡಿಗೆ ಸೊಸೆಯಾಗಿ ಬರುವ ಹೊತ್ತಿಗೆ ಆಕೆ ಮಣ್ಣಾಗಿ ವರ್ಷ ಕಳೆದಿತ್ತು. ಆದರೂ ಮದುವೆಯ ದಿನ ತಾಳಿಯ ಜೊತೆಗೆ ಆಕೆಯನ್ನೂ ನನ್ನ ಕೊರಳಿಗೆ ಕಟ್ಟಿದರು. ನಮ್ಮ ಮಂದಿಯಲ್ಲಿ ಅದು ಪದ್ಧತಿ. ಹೆಂಡತಿ ಸತ್ತವನನ್ನು ಮದುವೆಯಾದವಳು ಸತ್ತಾಕೆಯ ಗುರುತಿಗೆ ಒಂದು ಬೆಳ್ಳಿ ಬಿಲ್ಲೆಯನ್ನು ತಾಳಿಯ ದಾರದಲ್ಲೇ ಪೋಣಿಸಿಕೊಳ್ಳಬೇಕು. ಬಿಲ್ಲೆಯ ಮೇಲೆ ಹೆಣ್ಣಿನ ಮುಖ ಇರುತ್ತದೆ. ಹಬ್ಬಕ್ಕೆ ಸೀರೆ ತಂದರೆ ಮೊದಲು ಅದಕ್ಕೆ ಮುಟ್ಟಿಸಿ ಆಮೇಲೆ ಉಡಬೇಕು. ಹೋಳಿಗೆ ಮಾಡಿದರೆ ಮೊದಲ ತುತ್ತು ಅದಕ್ಕೆ ತೋರಿಸಿ ಆಮೇಲೆ ಬಾಯಿಗೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಸತ್ತಾಕೆ ಸಿಟ್ಟಾಗಿ ಬಂದು ಕಾಡುತ್ತಾಳೆ ಅನ್ನುತ್ತಾರೆ.

ನಾನು ಕಟ್ಟಿಸಿಕೊಂಡೆ. ಬೇಕೋ ಬೇಡವೋ ಎಂದು ನನ್ನನ್ನು ಯಾರು ಕೇಳಿದ್ದರು?

ಮದುವೆಯಾದ ಹೊಸತರಲ್ಲಿ ಬಿಲ್ಲೆಯ ಕೊಂಡಿ ಮುರಿಯಿತು. ಬೆಸುಗೆ ಹಾಕಿಸಲು ಚಿತ್ತಾಪುರದ ಬಜಾರಿಗೆ ಒಯ್ದೆ. ಪತ್ತಾರ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕುಬಿಟ್ಟ. "ತಂಗೀ, ಯಾರಿವ್ರು?" ಅಂದ.

"ನನ್ನ ಹಿರಿಯಾಕಿ."

"ನಿನ್ನ ಹಿರಿಯಾಕಿ ಭಾಳ ದೊಡ್ಡ ಮನಿತನದಾಕಿ ನೋಡು. ಇದು ಕಲ್ದಾರ್ ಪಾವಲಿ. ಇಂಗ್ಲೀಷರ ರಾಣಿ ಈಕಿ."

ಈಗಿನವರಿಗೆ ತಿಳಿಯಲೆಂದು ಹೇಳುತ್ತೇನೆ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ನಮ್ಮ ವಾಡಿ ಎಲ್ಲವೂ ಹಿಂದೆ ನಿಜಾಮರ ರಾಜ್ಯ. ನಿಜಾಮರ ರೊಕ್ಕದ ಮೇಲೆ ಮನುಷ್ಯರ ಮುಖ ಇರುತ್ತಿರಲಿಲ್ಲ, ಚಾರ್‌ಮಿನಾರ್ ಇರುತ್ತಿತ್ತು. ಮುಖ ಇದ್ದದ್ದು ಇಂಗ್ಲಿಷರ ರೊಕ್ಕದ ಮೇಲೆ. ಅದಕ್ಕೆ ಕಲ್ದಾರ್ ಅನ್ನುತ್ತಿದ್ದರು. ರೈಲು ಹಳಿಯ ಕೆಲಸಕ್ಕೆ ಹೋಗುತ್ತಿದ್ದ ನನ್ನ ಮಾವನ ಕೈಗೆ ಅಂಥ ಒಂದು ಬೆಳ್ಳಿ ಪಾವಲಿ ಬಂದಿತ್ತು. ಸತ್ತ ಸೊಸೆಯ ಬಿಲ್ಲೆ ಬೇಕಾದಾಗ ಅತ್ತೆ ಅದಕ್ಕೇ ಕೊಂಡಿ ಹಾಕಿಸಿದ್ದಾಳೆ. ಮನೆಗೆ ಬಂದು ಕೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ಹೆಣ್ಣಿನ ಮಾರಿ ಅದ ಇಲ್ಲೋ?"

"ಅದರೀ."

"ತಲಿ ಮ್ಯಾಲ ಬಾಸಿಂಗ ಅದ ಇಲ್ಲೋ?"

"ಅದು ಕಿರೀಟ ಅಂತರೀ ಅತ್ತಿ. ಪತ್ತಾರ ಹೇಳ್ದ."

"ಪತ್ತಾರಗ ಏನ್ ಗೊತ್ತದ? ನಮ್ಮಾಕಿ ಬಾಸಿಂಗ ಕಟ್ಕೊಂಡೇ ಈ ಮನಿಗಿ ಬಂದಾಕಿ. ಸುಮ್ಮ ಹಾಕ್ಕೋ."

ಹಾಕಿಕೊಂಡೆ. ಶಹಾಬಾದದ ಫರ್ಸಿ ಕಲ್ಲಿನ ಖಣಿಯಲ್ಲಿ ಗಂಡ ಕಲ್ಲು ಎಬ್ಬಿಸುತ್ತಿದ್ದ, ನಾನು ಹೊರುತ್ತಿದ್ದೆ. ಬಗ್ಗಿದಾಗಲೆಲ್ಲ ರಾಣಿ ಜೋತುಬಿದ್ದು ಕಲ್ಲಿಗೆ ಬಡಿಯುತ್ತಿದ್ದಳು. "ಅರಮನಿ ಬಿಟ್ಟು ಇಲ್ಲಿಗಿ ಯಾಕ ಸಾಯ್ಲಿಕ್ಕ ಬಂದಿ?" ಎಂದು ಬೈದು ಕುಪ್ಪಸದೊಳಗೆ ತುರುಕಿಕೊಳ್ಳುತ್ತಿದ್ದೆ. ಹಬ್ಬ ಬಂದರೆ ಮತ್ತೆ ಹೊರಗೆ ತೆಗೆದು ಹೋಳಿಗೆ ತೋರಿಸುತ್ತಿದ್ದೆ.

ಗಂಡ ಸತ್ತ ದಿನ ಓಣಿಯ ಮುದುಕಿಯರು ನನ್ನ ತಾಳಿ ತೆಗೆದರು. ಬಿಲ್ಲೆ ಮಾತ್ರ ತೆಗೆಯಲಿಲ್ಲ. ಹಿರಿಯಾಕೆ ಮುತ್ತೈದೆಯಾಗಿ ಸತ್ತವಳು, ಆಕೆಯದನ್ನು ತೆಗೆಯಬಾರದಂತೆ! ಗಂಡನೂ ಹೋದ, ತಾಳಿಯೂ ಹೋಯಿತು, ಸವತಿ ಉಳಿದಳು. ಕರಿ ದಾರದಲ್ಲಿ ಒಬ್ಬಳೇ ತೂಗಾಡತೊಡಗಿದಳು.

ನನ್ನ ಮಗಳನ್ನು ಚಿಂಚೋಳಿಗೆ ಕೊಟ್ಟಿದೆ. ಆಕೆಯ ಮಗಳು ಚಿತ್ತಾಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಚಿಂಚೋಳಿಗೆ ರೈಲಿಲ್ಲ, ವಾಡಿಯಿಂದ ರೈಲಿದೆ; ಹೀಗಾಗಿ ಮದುವೆಯಾಗುವ ತನಕ ನನ್ನ ಮನೆಯಲ್ಲೇ ಇದ್ದಳು. ನಾನು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕುಳಿತು ಅಂದಿನ ಪಾಠವನ್ನು ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಳು. ನನ್ನ ಓದು ಮೂರನೆಯ ಇಯತ್ತೆಗೆ ನಿಂತದ್ದು. ಇಂಗ್ಲೆಂಡಿನ ರಾಜರ ಕಥೆಯೆಲ್ಲ ನಾನು ಕಲಿತದ್ದು ಹೆಂಚಿನ ಮುಂದೆ.

ಒಂದು ದಿನ, "ಆಯೀ, ನಿನ್ನ ಕೊಳ್ಳಾಗಿನಾಕಿ ಇವತ್ತ ನನ್ನ ಪಾಠದಾಗ ಬರ್ತಾಳ" ಅಂದಳು.

"ಬರ್ಲಿ. ಏನ್ ಮಾಡ್ಯಾಳಂತ?"

"ಗಂಡ ಸತ್ತ ಮ್ಯಾಲ ತಾನು ಸಾಯೋ ತನಕ ಕರೇ ಅರಿವಿನೇ ಹಾಕ್ಕೊಂಡಾಳ."

"ರಾಜ್ಯ ಯಾರಿಗಿ ಬಿಟ್ಳು?"

"ಯಾರಿಗೂ ಬಿಡ್ಲಿಲ್ಲ. ವಿಧವಿ ಆಗೇ ಆಳಿದ್ಳು. ನಮ್ಮ ದೇಶಕ್ಕೂ ತಾನೇ ಮಹಾರಾಣಿ ಅನಿಸ್ಕೊಂಡ್ಳು. ಆದ್ರ ಒಮ್ಮೆನೂ ಇಲ್ಲಿ ಬಂದು ನೋಡಿಲ್ಲ."

ಗಂಡ ಸತ್ತವಳು ಮೂಲೆ ಹಿಡಿಯದೆ ಆಳಿದಳು ಅಂದಾಗ ಮೊದಲ ಸಲ ಆಕೆ ನನಗೆ ಸೇರಿದಳು. ಕಾಣದ ಊರಿನ ಮೇಲೆ ಹುಕುಂ ನಡೆಸಿದಳು ಅಂದಾಗ ಮತ್ತೆ ಸಿಟ್ಟು ಬಂತು.

ಇನ್ನೊಂದು ದಿನ ಆರು ಹೆಂಡಿರ ರಾಜ ಬಂದ. ಇಬ್ಬರ ತಲೆ ಹೊಡೆಸಿದನಂತೆ, ಇಬ್ಬರನ್ನು ಬಿಟ್ಟನಂತೆ, ಒಬ್ಬಾಕೆ ಗಂಡು ಹಡೆದು ಸತ್ತಳಂತೆ, ಕಡೆಯಾಕೆ ಉಳಿದಳಂತೆ. ನಾನು ಕೇಳಿದೆ, "ಆ ಕಡೀ ಆಕಿ ಕೊಳ್ಳಾಗ ಬಿಲ್ಲಿ ಎಷ್ಟಿದ್ವು? ಸತ್ತಾಕಿನೂ ಹಿಡಿ, ತಲಿ ಹೋದಾಕಿನೂ ಹಿಡಿ. ಕತ್ತು ಬಗ್ಗಿ ಹೋಗಿರ್ಬೇಕು."

ಹುಡುಗಿ ನಕ್ಕ ರಭಸಕ್ಕೆ ಪುಸ್ತಕ ಹಿಟ್ಟಿನ ಪರಾತಕ್ಕೆ ಬಿತ್ತು. "ಅವರದಾಗ ಬಿಲ್ಲಿ ಪದ್ಧತಿ ಇಲ್ಲ ಆಯೀ."

ಆ ದೇಶದ ಮಂದಿಯೇನು ಕಡಿಮೆಯೇ? ಒಬ್ಬ ರಾಜನ ತಲೆಯನ್ನು ತಾವೇ ಕಡಿದರಂತೆ. ಕೆಲವು ವರ್ಷ ರಾಜನಿಲ್ಲದೆ ಇದ್ದು ನೋಡಿ, ಮತ್ತೆ ಅವನ ಮಗನನ್ನೇ ಕರೆತಂದು ಕೂರಿಸಿದರಂತೆ. ತಲೆ ಕಡಿಸಿದ ಮುಖಂಡ ಅಷ್ಟರಲ್ಲಿ ಸತ್ತಿದ್ದ. ಅವನ ಹೆಣವನ್ನು ಅಗೆದು ತೆಗೆದು ನೇಣಿಗೆ ಹಾಕಿದರಂತೆ. "ಆ ಹೆಣ ಬಂದು ಯಾರಿಗೂ ಕಾಡಲಿಲ್ಲೇನು?" ಅಂದರೆ, "ಪುಸ್ತಕದಾಗ ಬರ್ದಿಲ್ಲ" ಅಂದಳು. ನಮ್ಮ ಹಿರಿಯರು ಇವರಿಗೆ ಯಾಕೆ ಅಷ್ಟು ಹೆದರಿದರೋ. ಮನೆಯೊಳಗಿನ ಜಗಳ ನಮ್ಮಂಥದೇ, ಕತ್ತಿ ಮಾತ್ರ ದೊಡ್ಡದು.

ಈಚೆಗೆ ಅಲ್ಲಿ ಹೊಸ ರಾಜನಿಗೆ ಪಟ್ಟ ಕಟ್ಟಿದ್ದನ್ನು ಮೊಬೈಲಿನಲ್ಲಿ ತೋರಿಸಿದಳು. ಪಕ್ಕದಲ್ಲಿ ಕೂತವಳು ಎರಡನೆಯ ಹೆಂಡತಿಯಂತೆ. ಆಕೆಯ ತಲೆಗೂ ಕಿರೀಟ ಇಟ್ಟರು. ನಾನು ಕಣ್ಣು ಕಿರಿದು ಮಾಡಿ ಕೊರಳನ್ನೇ ನೋಡಿದೆ. ಹರಳು ಇದ್ದವು, ಬಿಲ್ಲೆ ಇರಲಿಲ್ಲ. ಮೊದಲನೆಯವಳನ್ನು ಮಂದಿ ಇನ್ನೂ ನೆನೆಯುತ್ತಾರೆ, ಆಕೆಯ ಫೋಟೋಕ್ಕೆ ಹೂವು ಇಡುತ್ತಾರೆ ಎಂದಳು ಮೊಮ್ಮಗಳು. ಇಡಲಿ. ಹೂವು ಇಡುವುದು ಬೇರೆ, ಇನ್ನೊಬ್ಬಳ ಕೊರಳಿಗೆ ಕಟ್ಟುವುದು ಬೇರೆ.

ಇದೆಲ್ಲ ನನ್ನ ಮನೆಗೇ ಬರುತ್ತದೆಂದು ಆಗ ತಿಳಿದಿರಲಿಲ್ಲ. ಮೊಮ್ಮಗಳು ತಾನೇ ಒಬ್ಬನನ್ನು ನೋಡಿಕೊಂಡಳು. ರೈಲಿನಲ್ಲಿ ಪರಿಚಯವಾದವನು. ಶಹಾಬಾದದವನು, ಕೆಲಸ ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ, ಇರುವುದು ಆದಿತ್ಯನಗರದ ಕ್ವಾರ್ಟರ್ಸಿನಲ್ಲಿ. ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಎರಡನೆಯ ಸಂಬಂಧವೆಂದು ನನ್ನ ಮಗಳು ಮೂಗು ಮುರಿದಳು. ಹುಡುಗಿ ಬಿಡಲಿಲ್ಲ. ಹುಡುಗ ಮೆತ್ತಗಿನವನು, ನನಗೆ ತಕರಾರು ಇರಲಿಲ್ಲ.

ಮಾತುಕತೆಗೆಂದು ಅವನು ತನ್ನನ್ನು ಸಾಕಿದ ಸೋದರತ್ತೆಯನ್ನು ಕರೆದುಕೊಂಡು ವಾಡಿಗೆ ಬಂದ. ಚಿಂಚೋಳಿಯಿಂದ ನನ್ನ ಮಗಳೂ ಬಂದಿದ್ದಳು. ಚಹಾ ಆಯಿತು. ಸೋದರತ್ತೆ ಸೆರಗಿನ ಗಂಟು ಬಿಚ್ಚಿ ಥಳಥಳ ಹೊಳೆಯುವ ಹೊಸ ಬಿಲ್ಲೆಯೊಂದನ್ನು ಅಂಗೈಮೇಲೆ ಇಟ್ಟುಕೊಂಡಳು.

"ಕಲಬುರಗಿದಾಗ ಮಾಡ್ಸೀನ್ರಿ. ಮಾರಿ ಭಾಳ ಛಂದ ಬಂದದ. ತಾಳಿ ಜೋಡಿ ಕಟ್ಟಿಬಿಡೂದು."

ಮೊಮ್ಮಗಳು ಬಿಲ್ಲೆಯನ್ನು ನೋಡಿದಳು, ಹುಡುಗನನ್ನು ನೋಡಿದಳು. "ನಾ ಹಾಕ್ಕೊಳ್ಳಲ್ಲರೀ" ಅಂದಳು.

"ಹಾಕ್ಕೊಳ್ಳಿಲ್ಲಂದ್ರ ನಮ್ಮ ಮನ್ಯಾಗ ಅಕ್ಕಿಕಾಳು ಬೀಳಲ್ಲವ್ವಾ" ಅಂದಳು ಸೋದರತ್ತೆ. ಮದುವೆಯೇ ಇಲ್ಲ ಎಂದು ಅದರ ಅರ್ಥ. ಹುಡುಗ ನೆಲದ ಫರ್ಸಿಯ ಕಡೆ ಮುಖ ಹಾಕಿ ಕೂತಿದ್ದ.

ನನ್ನ ಮಗಳು ಹುಡುಗಿಯ ಮೊಣಕೈ ತಿವಿದಳು. "ಏ ಪೋರೀ, ಒಂದು ಬಿಲ್ಲಿಗಿ ಇಷ್ಟು ಹಟ ಯಾಕ? ನಮ್ಮವ್ವ ಜಲ್ಮ ಪೂರಾ ಹಾಕ್ಕೊಂಡಾಳ. ಏನ್ ಸವದು ಹೋದ್ಳು?"

"ನೋಡ್ರಿ ಮತ್ತ" ಎಂದು ಸೋದರತ್ತೆ ನನ್ನ ಕೊರಳಿಗೆ ಬೆರಳು ಮಾಡಿದಳು. "ಹಿರೇರು ಹಾಕ್ಕೊಂಡು ಕುಂತಾರ. ಸಾಕ್ಷಿ ಮತ್ಯಾತಕ್ಕ ಬೇಕು?"

ನನ್ನ ಕೊರಳನ್ನು ನನ್ನ ಮೊಮ್ಮಗಳ ಮೇಲೆ ಸಾಕ್ಷಿ ಹೇಳಿಸುತ್ತಿದ್ದಾರಲ್ಲ ಎಂದು ಮೈ ಉರಿಯಿತು. ದಾರಕ್ಕೆ ಕೈ ಹಾಕಿ ಎಳೆದೆ. ಹಳೆಯ ದಾರ, ಕಿತ್ತು ಬಂತು. ಪಾವಲಿಯನ್ನು ಆಕೆಯ ಹೊಸ ಬಿಲ್ಲೆಯ ಪಕ್ಕದಲ್ಲೇ ಇಟ್ಟೆ.

"ಯಾರಂತ ನೋಡ್ರಿ ಬೀಗತಿ."

"ನಿಮ್ಮ ಹಿರಿಯಾಕಿ."

"ಅಲ್ಲ. ಇಂಗ್ಲೀಷರ ರಾಣಿ. ನಮ್ಮತ್ತಿ ಕಿರೀಟಕ್ಕ ಬಾಸಿಂಗ ಅಂತ ತಿಳಕೊಂಡು ನನಗ ಕಟ್ಟಿದ್ಳು. ಇಷ್ಟು ವರ್ಷ ಸೀರಿ ಮುಟ್ಟಿಸಿದ್ದು ಈಕಿಗಿ, ಹೋಳಿಗಿ ತೋರಿಸಿದ್ದು ಈಕಿಗಿ. ನನ್ನ ಖರೇ ಸವತಿಗಿ ಒಂದು ತುತ್ತೂ ಹೋಗಿಲ್ಲ. ಆಕಿ ಬಂದು ಕಾಡಬೇಕಿತ್ತಿಲ್ಲ? ಒಂದು ಕನಸಿನ್ಯಾಗ ಸುದ್ದಾ ಬಂದಿಲ್ಲ."

ಸೋದರತ್ತೆ ಪಾವಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೆಂಗಸು ಬಲು ಜೋರು, ಲಗೂನೆ ಸೋಲುವವಳಲ್ಲ. "ಬಿಲ್ಲಿ ಯಾವ್ದಿದ್ರೇನ್ರಿ? ನೀವು ಮನಸ್ನಾಗ ಹಿರಿಯಾಕಿಗೇ ಮಾಡೀರಿ. ಆಕಿಗಿ ಮುಟ್ಟ್ಯದ, ಅದಕ್ಕೇ ಬಂದಿಲ್ಲ."

"ಮನಸ್ನಾಗ ಏನ್ ಮಾಡೀನಿ ನಿಮಗೇನ್ ಗೊತ್ತು? ದಿನಾ ಬೈದೀನಿ."

"ಅವ್ವಾ!" ಅಂದಳು ಮಗಳು.

ಮೊಮ್ಮಗಳಿಗೆ ಧೈರ್ಯ ಬಂತು. ಆರು ಹೆಂಡಿರ ರಾಜನ ಕಥೆ ತೆಗೆದು, ಅಲ್ಲಿ ಯಾರೂ ಬಿಲ್ಲೆ ಕಟ್ಟಿಕೊಳ್ಳಲಿಲ್ಲ ಎಂದು ಹೇಳಿದಳು. ಸೋದರತ್ತೆ ಗಮನ ಇಟ್ಟು ಕೇಳಿ, "ಅಲ್ಲಿ ಸತ್ತಾಕಿ ಒಬ್ಬಾಕಿನೂ ತಿರುಗಿ ಬಂದಿಲ್ಲೇನು?" ಅಂದಳು.

"ತಲಿ ಹೋದ ಒಬ್ಬ ರಾಣಿ ತನ್ನ ತಲಿ ಬಗಲಾಗ ಹಿಡ್ಕೊಂಡು ಹಳೀ ಕೋಟೆದಾಗ ತಿರುಗ್ತಾಳಂತ ಮಂದಿ ಅಂತಾರ್ರೀ."

"ಹಾಂ!" ಸೋದರತ್ತೆ ತೊಡೆ ತಟ್ಟಿದಳು. "ಬಿಲ್ಲಿ ಹಾಕಿದ್ರ ಯಾಕ ತಿರುಗ್ತಿದ್ಳು?"

ಹುಡುಗಿಯ ಕಪಾಳಕ್ಕೆ ಕೊಡಬೇಕೆನಿಸಿತು. ಪಾಠ ಹೇಳುವವರಿಗೆ ಎಲ್ಲಿ ಬಾಯಿ ಮುಚ್ಚಬೇಕೆಂಬುದು ತಿಳಿಯುವುದಿಲ್ಲ. ಆದರೆ ಆ ತಲೆ ಹೋದ ರಾಣಿಯೇ ನನಗೆ ದಾರಿ ತೋರಿಸಿದಳು.

"ಬೀಗತೀ, ಆಕಿ ತಲಿ ಹೊಡಸ್ದಾಂವ ಯಾರು? ಗಂಡ. ಸಿಟ್ಟಿದ್ರ ಗಂಡನ ಮ್ಯಾಲ ಇರ್ತದ. ಆಮ್ಯಾಲ ಬಂದಾಕಿ ಆಕಿದು ಏನ್ ಕಸಗೊಂಡಾಳ? ನಿಮ್ಮ ಮನಿ ಹಿರಿಯಾಕಿ ಯಾರ ಹೆಂಡ್ತಿ? ನನ್ನ ಮೊಮ್ಮಗಳು ಆಕಿ ಮಾರಿ ಕಂಡಿಲ್ಲ. ಸಂಸಾರ ಮಾಡ್ದಾಂವ ಇಲ್ಲಿ ಕುಂತಾನ, ನೆಪ್ಪು ಇಡಬೇಕಾದಾಂವ ಅಂವ. ಅವನ ಕೊಳ್ಳಾಗ ಕಟ್ರಿ."

ಸೋದರತ್ತೆ ಹೊಸ ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಗಂಡಸ್ರು ಎಲ್ಲೆರ ಹಾಕ್ಕೋತಾರೇನ್ರಿ? ಕಾರ್ಖಾನ್ಯಾಗ ನಗ್ತಾರ" ಅಂದಳು.

"ನಗ್ಲಿ. ನನಗ ಬಜಾರದಾಗ ಪತ್ತಾರ ನಕ್ಕಾನ. ನಾ ಸತ್ತೇನು?" ಅಂದು ಹುಡುಗನ ಕಡೆ ತಿರುಗಿದೆ. "ಏನಪ್ಪಾ, ಬಾಯಿ ಆದಿತ್ಯನಗರದಾಗ ಬಿಟ್ಟು ಬಂದೀಯೇನು?"

ಅವನು ತಲೆ ಎತ್ತಿದ. ಕಿವಿ ಕೆಂಪಾಗಿದ್ದವು. ಮೊಮ್ಮಗಳು ಅವನನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವನು ಕೈ ಚಾಚಿ, "ಅತ್ತೀ, ಇಲ್ಲಿ ಕೊಡು" ಅಂದ. ಸೋದರತ್ತೆ ಮುಷ್ಟಿ ಬಿಗಿ ಮಾಡಿದಳು. "ಕೊಡತ್ತೀ. ಆಕಿ ನನ್ನ ಹೆಂಡ್ತಿ ಇದ್ದಳು. ನನ್ನ ಕಡಿ ಇರ್ಲಿ." ಬಿಲ್ಲೆಯನ್ನು ಇಸಿದುಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

"ಕೊಳ್ಳಾಗ ಅಂದ್ನಿ. ಕಿಸೇದಾಗ ಅನ್ನಲಿಲ್ಲ" ಅಂದೆ ನಾನು.

"ಇವತ್ತಿಗಿ ಕಿಸೇದಾಗ ಇರ್ಲಿ ಬಿಡ್ರಿ ಆಯೀ" ಅಂದ. ಅಷ್ಟಕ್ಕೆ ಬಿಟ್ಟೆ.

ಹೊರಡುವಾಗ ಸೋದರತ್ತೆ ಹೊಸ್ತಿಲಲ್ಲಿ ನಿಂತು, "ನಾಳಿ ಹುಡುಗಿಗಿ ಏನರ ಆದ್ರ ನನಗ ಅನಬ್ಯಾಡ್ರಿ ಮತ್ತ" ಅಂದಳು.

"ಅನ್ನಲ್ಲ. ಸತ್ತಾಕಿ ಸಿಟ್ಟಾಗಿ ಬಂದ್ರ ನನ್ನ ಕಡಿ ಕಳಸ್ರಿ. ನನ್ನ ಮನಿ ಸ್ಟೇಷನ್ ಹತ್ರನೇ ಅದ, ಹುಡುಕೋದೇನ್ ತ್ರಾಸ್ ಇಲ್ಲ."

ಮದುವೆ ನಾಲವಾರದ ಮಠದಲ್ಲಿ ಆಯಿತು. ಹುಡುಗಿಯ ಕೊರಳಲ್ಲಿ ಆಕೆಯ ತಾಳಿ ಬಿಟ್ಟು ಬೇರೇನೂ ಇರಲಿಲ್ಲ. ಸೋದರತ್ತೆ ಬಂದು ಅಕ್ಕಿಕಾಳು ಹಾಕಿ ಉಂಡು ಹೋದಳು. ನನ್ನ ಜೊತೆ ಮಾತಾಡಲಿಲ್ಲ. ನನ್ನ ಪಾವಲಿಯನ್ನು ಮಗಳು ಹೊಸ ದಾರದಲ್ಲಿ ಪೋಣಿಸಿ ತಂದಿದ್ದಳು, ನಾನು ಕೊರಳು ಕೊಡಲಿಲ್ಲ. ಮೊಮ್ಮಗಳು ಕಾಲೇಜಿನ ಮಕ್ಕಳಿಗೆ ತೋರಿಸಲು ಒಯ್ದಳು.

ಮಳೆಗಾಲದಲ್ಲಿ ಹುಡುಗಿಗೆ ಜ್ವರ ಬಂತು. ಕಾದುಕೊಂಡಿದ್ದವರ ಹಾಗೆ ಸೋದರತ್ತೆ ಚಿಂಚೋಳಿಗೆ ಫೋನು ಮಾಡಿದಳು. ಮಗಳು ಅಳುತ್ತ ನನಗೆ ಮಾಡಿದಳು. "ಯವ್ವಾ, ಈಗರ ಹಾಕ್ಕೋ ಅಂತ ಹೇಳು. ನಿನ್ನ ಮಾತು ಕೇಳ್ತಾಳ."

ಅಂಜಿಕೆಯಿಂದ ನನ್ನ ಕೈಯೂ ಒಮ್ಮೆ ಬರಿ ಕೊರಳಿಗೆ ಹೋದದ್ದು ನಿಜ. ಮುಂಜಾನೆಯ ರೈಲು ಹತ್ತಿ ಆದಿತ್ಯನಗರಕ್ಕೆ ಹೋದೆ. ಹುಡುಗಿ ಕಂಬಳಿ ಹೊದ್ದು ಮಲಗಿದ್ದಳು. ಗಂಡ ಕಾರ್ಖಾನೆಗೆ ರಜೆ ಹಾಕಿ ಗಂಜಿ ಕಾಯಿಸುತ್ತಿದ್ದ. ಸೋದರತ್ತೆ ಬಾಗಿಲಲ್ಲೇ ನನ್ನ ಮುಖ ನೋಡುತ್ತ ನಿಂತಳು, ನಾನು ಏನು ಅನ್ನುತ್ತೇನೋ ಎಂದು.

"ಡಾಕ್ಟರ್ ಏನಂದ್ರು?" ಎಂದು ಹುಡುಗನನ್ನು ಕೇಳಿದೆ.

"ಸೊಳ್ಳಿ ಜ್ವರ ಅಂತರೀ ಆಯೀ. ಗುಳಿಗಿ ಕೊಟ್ಟಾರ."

"ಗುಳಿಗಿ ಕೊಡು ಹಂಗಾರ. ಸೊಳ್ಳಿ ಪರದಿ ಕಟ್ಟು."

ಜ್ವರ ಬಿಟ್ಟು ಹುಡುಗಿ ಎದ್ದಳು, ಮತ್ತೆ ರೈಲು ಹತ್ತಿ ಕಾಲೇಜಿಗೆ ಹೊರಟಳು. ಅವಳ ಕೊರಳಿಗೆ ಯಾರೂ ಕೈ ಹಾಕಿಲ್ಲ. ಆ ಹೊಸ ಬಿಲ್ಲೆ ಈಗ ಅವನ ಕಿಸೆಯಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ ನಾನು ಕೇಳಿಲ್ಲ. ಅದು ಅವನಿಗೂ ಆ ಸತ್ತಾಕೆಗೂ ಬಿಟ್ಟದ್ದು.