ಪೂಜೆಗೆ ಕುಳಿತ ಆಂಗ್ಲಿಕನ್ ಪುಸ್ತಕಗಳು

ಗೆಳೆಯರೇ, ಪಾದ್ರಿಗಳಾಗಲು ಓದುವ ಪುಣೆಯ ನಮ್ಮ ಸೆಮಿನರಿಗೆ ದಸರೆಯ ರಜೆಯಿಲ್ಲ. ನಾಳೆ ಹತ್ತಕ್ಕೆ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ, ದೇವತಾಶಾಸ್ತ್ರದ ಪರೀಕ್ಷೆ. ಗ್ರಂಥಾಲಯದಿಂದ ತಂದ ನಾಲ್ಕೂ ಪುಸ್ತಕಗಳು ಈಗ ಮನೆ ಮಾಲಕಿ ಬೆಳಗಾವಿ ಕಾಕು ಅವರ ದೇವರ ಕೋಣೆಯಲ್ಲಿ, ಸರಸ್ವತಿಯ ಮುಂದೆ, ಕುಂಕುಮ ಹಚ್ಚಿಸಿಕೊಂಡು ಕುಳಿತಿವೆ.

"ಕಾಕೂ, ಅವು ಚರ್ಚಿನ ಪುಸ್ತಕರೀ!"

"ದೇವರ ಪುಸ್ತಕ ಹೌದಲ್ಲೋ? ಅದಕ್ಕ ಎಲ್ಲಾದರ ಮ್ಯಾಲ ಇಟ್ಟೀನಿ."

"ನಾಳೆ ಪರೀಕ್ಷಾ ಅದರೀ, ಓದಬೇಕು."

"ಪೂಜಾಕ್ಕ ಇಟ್ಟದ್ದು ನಾಳೆ ಮುಂಜಾನಿತನಕ ಮುಟ್ಟಬಾರದು. ಇವತ್ತ ಓದಿದ್ರ ಇದ್ದ ವಿದ್ಯಾನೂ ಹೋಗ್ತದ. ಹೋಳಿಗಿ ಆರ್ತಾವ, ಬಾ."

ಗ್ರಂಥ, ಸಂಪ್ರದಾಯ, ವಿವೇಕ: ಆಂಗ್ಲಿಕನ್ ನಂಬಿಕೆ ಈ ಮೂರರ ಮೇಲೆ ನಿಂತಿದೆ ಎನ್ನುತ್ತಾರೆ ನಮ್ಮ ಮೇಷ್ಟ್ರು. ಇವತ್ತು ಸಂಪ್ರದಾಯ ಬಂದು ಗ್ರಂಥವನ್ನು ಹೊತ್ತೊಯ್ದಿತು. ವಿವೇಕ ತೆಪ್ಪಗೆ ಕುಳಿತು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿತು.