ಚಾಳೀಸಿನ ಹಲಗೆ

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಶಾಖಾ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬಾಡಿಗೆ ಮನೆಯ ಮಹಡಿ ಮೇಲೆ ಎರಡು ಕೋಣೆ, ಅದೇ ಗ್ರಂಥಾಲಯ. ಅಲ್ಲಿದ್ದವರು ನಾನು ಮತ್ತು ನನ್ನ ಮೇಲಿನ ಗ್ರಂಥಪಾಲಕರು, ಇಬ್ಬರೇ. ಅವರು ರೂಲ್ಸ್ ಬಿಟ್ಟು ಆಚೀಚೆ ಹೋದವರಲ್ಲ.

ಸಂಜೆ ಫ್ಯಾಕ್ಟರಿಗಳ ಶಿಫ್ಟು ಬಿಟ್ಟ ಮೇಲೆ ಗಂಡಸರು ಮೆಟ್ಟಿಲು ಹತ್ತಿ ಬರ್ತಿದ್ದರು. ಅವರಲ್ಲಿ ಸ್ವಲ್ಪ ವಯಸ್ಸಾದವರು ಪೇಪರನ್ನ ಕೈ ಚಾಚುವಷ್ಟು ದೂರ ಹಿಡಿದು, ಕಿಟಕಿ ಕಡೆ ವಾಲಿಸಿ, ಎರಡು ನಿಮಿಷದಲ್ಲಿ ಮಡಚಿಟ್ಟು ಹೋಗಿಬಿಡೋರು. ಇವರಿಗೆ ತಲೆಬರಹ ಸಾಕು ಅಂತ ನಾನಂದುಕೊಂಡಿದ್ದೆ. ಒಂದು ದಿನ, ಫ್ಯಾಕ್ಟರಿಯಲ್ಲಿ ಲೇತ್ ಓಡಿಸಿ ರಿಟೈರಾದ ಟರ್ನರ್ ಒಬ್ಬರು ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ದಪ್ಪ ಅಕ್ಷರದ ಪುಸ್ತಕ ಇದ್ರೆ ಕೊಡ್ತೀರಾ? ಚಾಳೀಸು ಬಂದುಬಿಟ್ಟಿದೆ, ಹತ್ತಿರದ್ದು ಕಾಣಲ್ಲ" ಅಂದರು. ದಪ್ಪ ಅಕ್ಷರ ಇದ್ದದ್ದು ಮಕ್ಕಳ ಪುಸ್ತಕದಲ್ಲಿ ಮಾತ್ರ. ಅದನ್ನೇ ಕೊಟ್ಟೆ. ರಟ್ಟಿನ ಮೇಲಿದ್ದ ಮೊಲದ ಚಿತ್ರ ಯಾರಿಗೂ ಕಾಣದ ಹಾಗೆ ಅವರು ಅದನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಮೂಲೆಗೆ ಹೋದರು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಅಮ್ಮನನ್ನ ಕೇಳಿದೆ, "ಅಪ್ಪನ ಕನ್ನಡಕ ಕೊಡ್ತೀಯಾ? ಲೈಬ್ರರಿಗೆ." ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮ ಒಪ್ಪಲಿಲ್ಲ. ಸತ್ತವರ ಕನ್ನಡಕ ಕಂಡವರ ಕಣ್ಣಿಗೆ ಯಾಕೆ ಅಂದಳು. ಎರಡು ದಿನ ಬಿಟ್ಟು ಅವಳೇ ಅದನ್ನು ಸೆರಗಿನಲ್ಲಿ ಒರೆಸಿ, ನನ್ನ ಊಟದ ಡಬ್ಬಿಯ ಜೊತೆ ಚೀಲದಲ್ಲಿ ಇಟ್ಟಿದ್ದಳು.

ಹಾಗೆ ಶುರುವಾಯಿತು. ಅಕ್ಕಪಕ್ಕದ ಮನೆಗಳಲ್ಲಿ ಕೇಳಿ ಕೇಳಿ ಹಳೇ ಕನ್ನಡಕ ತಂದೆ. ಕನ್ನಡಕದ ಅಂಗಡಿಯವರೊಬ್ಬರು ಪವರ್ ನೋಡಿ ವಿಂಗಡಿಸಿಕೊಟ್ಟರು. ಕಡಿಮೆ ಪವರಿನದಕ್ಕೆ ಬಿಳಿ ದಾರ, ಅದಕ್ಕಿಂತ ಹೆಚ್ಚಿನದಕ್ಕೆ ಹಸಿರು, ಎಲ್ಲಕ್ಕಿಂತ ಹೆಚ್ಚಿನದಕ್ಕೆ ಕೆಂಪು, ಹೀಗೆ ಕಡ್ಡಿಗೆ ಸುತ್ತಿದೆ. ಒಂದು ಹಲಗೆಗೆ ಮೊಳೆ ಹೊಡೆದು ಎಲ್ಲವನ್ನೂ ಪೇಪರ್ ಮೇಜಿನ ಹಿಂದೆ ನೇತುಹಾಕಿದೆ.

"ಇದು ಲೈಬ್ರರಿನಾ, ಕಣ್ಣಾಸ್ಪತ್ರೆನಾ?" ಅಂದರು ಗ್ರಂಥಪಾಲಕರು. ಆಮೇಲೆ, "ಒಂದು ಕನ್ನಡಕಾನೂ ಈ ಮೆಟ್ಟಿಲು ಇಳಿಯಂಗಿಲ್ಲ. ಹತ್ತಿರದ್ದು ಓದೋ ಕನ್ನಡಕ ಇದು. ಹಾಕ್ಕೊಂಡು ರಸ್ತೆಗಿಳಿದರೆ ಲಾರಿ ಕಾಣಿಸುತ್ತೇನಮ್ಮ? ಏನಾದ್ರೂ ಆದ್ರೆ ಜವಾಬ್ದಾರಿ ನಿಂದು" ಅಂದರು. ನಾನು ತಲೆಯಾಡಿಸಿದೆ. ಒಂದೇ ತಿಂಗಳಲ್ಲಿ ಸಂಜೆ ಹೊತ್ತು ಕೂರಲು ಬೆಂಚು ಸಾಲದಾಯಿತು. ಟರ್ನರ್ ಯಜಮಾನರಿಗೆ ಸರಿಹೊಂದಿದ್ದು ನಮ್ಮಪ್ಪನ ಕನ್ನಡಕವೇ, ಕೆಂಪು ದಾರದ್ದು. ಅವರು ಕಾದಂಬರಿಗಳಿಗೆ ಕೈಹಾಕಿದರು.

ಚಳಿಗಾಲದ ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ನೋಡಿದರೆ ಕೆಂಪು ದಾರದ ಮೊಳೆ ಖಾಲಿ. ಮೇಜಿನ ಮೇಲೆ, ಬೆಂಚಿನ ಕೆಳಗೆ, ಎಲ್ಲೂ ಇಲ್ಲ. ಗ್ರಂಥಪಾಲಕರಿಗೆ ಹೇಳುವುದೋ ಬೇಡವೋ ಅಂತ ನಿಂತಿದ್ದಾಗಲೇ ಮೆಟ್ಟಿಲ ಮೇಲೆ ಯಾರೋ ಓಡಿ ಬಂದ ಸದ್ದು. ಯಜಮಾನರ ಮಗಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ನಮ್ಮಪ್ಪ ಇಲ್ಲಿದಾರಾ?"

"ಐದು ಗಂಟೆಗೇ ಹೋದರಲ್ಲ."

"ಮನೆಗೆ ಬಂದಿಲ್ಲ ರೀ. ಮಾಗಡಿ ರೋಡಲ್ಲೇ, ಇಲ್ಲಿಂದ ಬಸ್ಸಲ್ಲಿ ಹತ್ತು ನಿಮಿಷದ ದಾರಿ. ಟೋಲ್‌ಗೇಟ್ ಹತ್ರ ಲಾರಿ ಯಾರೋ ವಯಸ್ಸಾದವರಿಗೆ ಹೊಡೆದಿದೆಯಂತೆ. ದೊಡ್ಡಾಸ್ಪತ್ರೆಗೆ ಹಾಕ್ಕೊಂಡು ಹೋದರಂತೆ."

ಗ್ರಂಥಪಾಲಕರು ನನ್ನ ಮುಖ ನೋಡಿದರು, ಹಲಗೆ ನೋಡಿದರು. ಸೈಕಲ್ಲಿನ ಬೀಗದಕೈ ತೆಗೆದುಕೊಂಡು, "ನೀವಿಬ್ರೂ ಆಸ್ಪತ್ರೆಗೆ ಹೋಗಿ. ನಾನು ಮಾಗಡಿ ರೋಡಲ್ಲಿ ನೋಡ್ಕೊಂಡು ಹೋಗ್ತೀನಿ" ಅಂತ ಇಳಿದೇಬಿಟ್ಟರು.

ಆಟೋ ಸ್ವಲ್ಪ ದೂರ ಹೋದ ಮೇಲೆ ಮಗಳು ಕೇಳಿದರು, "ಕನ್ನಡಕ ಹಾಕ್ಕೊಂಡೇ ಹೋದರಾ?"

"ಇರಬೇಕು. ಇಲ್ಲಿ ಕಾಣಿಸ್ತಿಲ್ಲ."

ಅವರು ಮುಖ ಆ ಕಡೆ ತಿರುಗಿಸಿಕೊಂಡರು.

ಆಸ್ಪತ್ರೆಯ ಕಿಟಕಿಯಲ್ಲಿದ್ದವನು, "ಹೆಸರು ಗೊತ್ತಿಲ್ಲಮ್ಮ, ಪ್ರಜ್ಞೆ ಇರಲಿಲ್ಲ. ಒಳಗೆ ಆಪರೇಷನ್ ನಡೀತಿದೆ" ಅಂದ. "ವಯಸ್ಸು ಅರವತ್ತರ ಮೇಲೆ. ಬಿಳಿ ಶರಟು."

ಮಗಳು ಕಿಟಕಿಯ ಸರಳು ಹಿಡಿದುಕೊಂಡರು. ಯಜಮಾನರು ಬಿಳಿ ಶರಟು ಬಿಟ್ಟು ಬೇರೆ ಹಾಕ್ತಿರಲಿಲ್ಲ.

"ಕನ್ನಡಕ ಇತ್ತಾ?" ಅಂತ ನಾನೇ ಕೇಳಿದೆ.

"ಇತ್ತು. ಒಡೆದುಹೋಗಿದೆ."

ಅವನು ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ಮೇಜಿನ ಮೇಲೆ ಬಿಚ್ಚಿದ. ರಕ್ತದ ಕಲೆಯ ಶರಟು, ಒಂದು ಚಪ್ಪಲಿ, ಕರಿ ಫ್ರೇಮಿನ ಕನ್ನಡಕ. ಒಂದು ಗಾಜು ಪೂರಾ ಇಲ್ಲ. ನಮ್ಮಪ್ಪನದೂ ಕರಿ ಫ್ರೇಮೇ. ಮಗಳು ಶರಟಿನ ಕಡೆ ಬಾಗಿದರು, ನಾನು ಕನ್ನಡಕದ ಕಡೆ. ಒಂದು ಕಡ್ಡಿ ನೋಡಿದೆ, ದಾರ ಇಲ್ಲ. ಇನ್ನೊಂದು ಕಡ್ಡಿಗೆ ಏನೋ ಕೆಂಪಾಗಿ ಅಂಟಿತ್ತು. ಉಗುರಿನಿಂದ ಕೆರೆದೆ. ದಾರವಲ್ಲ, ರಕ್ತ.

ಅದೇ ಹೊತ್ತಿಗೆ ಮಗಳು ಶರಟನ್ನು ಕೆಳಗಿಟ್ಟು ಗೋಡೆಗೆ ಒರಗಿದರು. "ನಮ್ಮಪ್ಪಂದಲ್ಲ. ಈ ಕಾಲರ್ ನಾನು ಹೊಲಿದಿದ್ದಲ್ಲ."

ಇಬ್ಬರೂ ಕೈ ಹಿಡಿದುಕೊಂಡೆವು. ನಗು ಬಂದುಬಿಡುತ್ತೇನೋ ಅನ್ನಿಸಿತು. ಕಿಟಕಿಯವನು ನಮ್ಮನ್ನೇ ನೋಡುತ್ತ ಗಂಟು ಕಟ್ಟಿದ. "ಹಂಗಾದ್ರೆ ಇವರಿಗೆ ಯಾರೂ ಇಲ್ವಾ?" ಅಂದ. ನಾವು ಆಗಲೇ ಬಾಗಿಲ ಕಡೆ ತಿರುಗಿದ್ದೆವು.

ಯಜಮಾನರು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ವಾಪಸ್ ಬರುವಾಗ ಆಟೋದವನಿಗೆ ನಿಧಾನ ಹೋಗಲು ಹೇಳಿ, ಮುಚ್ಚಿದ ಅಂಗಡಿಗಳ ಜಗಲಿ, ಬಸ್ ಸ್ಟಾಪು ಎಲ್ಲ ಇಣುಕಿದೆವು. ಗ್ರಂಥಾಲಯದ ಮುಂದೆ ಇಳಿದಾಗ ಕೆಳಗಿನ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು. ಗ್ರಂಥಪಾಲಕರ ಶರಟು ಬೆವರಿಗೆ ಮೈಗಂಟಿತ್ತು. ಪಕ್ಕದಲ್ಲಿ ಯಜಮಾನರು, ಕೈಯಲ್ಲಿ ಕನ್ನಡಕ, ತೊಡೆಯ ಮೇಲೆ ಪುಸ್ತಕ.

"ಸುಂಕದಕಟ್ಟೆ ಹತ್ರ ನಡ್ಕೊಂಡು ಬರ್ತಾ ಇದ್ರು. ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಬಂದೆ" ಅಂದರು ಗ್ರಂಥಪಾಲಕರು.

ಯಜಮಾನರು ಮಗಳ ಮುಖ ನೋಡದೆ ಹೇಳಿದರು, "ಬಸ್ಸಲ್ಲಿ ಸೀಟು ಸಿಕ್ತು. ಓದ್ತಾ ಕೂತೆ. ಕಂಡಕ್ಟರ್ ಇಳೀರಿ ಅಂದಾಗ ನೋಡಿದ್ರೆ ಕೊನೇ ಸ್ಟಾಪು, ಬ್ಯಾಡರಹಳ್ಳಿ. ವಾಪಸ್ ಬಸ್ಸಿಗೆ ಕಾದೆ ಕಾದೆ, ಬರಲೇ ಇಲ್ಲ."

ಮಗಳು ಅವರ ಭುಜಕ್ಕೆ ಒಂದು ಏಟು ಹಾಕಿ, ಅಲ್ಲೇ ಕೂತು ಅತ್ತರು. ಆಮೇಲೆ ಕನ್ನಡಕ ಕಿತ್ತುಕೊಂಡು ನನ್ನ ಕೈಗಿಟ್ಟರು. "ನಿಮ್ಮ ಕನ್ನಡಕ ನೀವೇ ಇಟ್ಕೊಳ್ಳಿ. ನಮ್ಮಪ್ಪನ್ನ ಇನ್ಮೇಲೆ ಒಳಗೆ ಬಿಡಬೇಡಿ."

ಮಾರನೇ ಬೆಳಿಗ್ಗೆ ಗ್ರಂಥಪಾಲಕರು ಹಲಗೆ ಇಳಿಸಲು ಹೇಳಿದರು. "ಸಾರ್, ಏನೂ ಆಗಲಿಲ್ಲವಲ್ಲ" ಅಂದೆ.

"ರಾತ್ರಿ ದಾರಿಯುದ್ದಕ್ಕೂ ಮೋರಿ ಮೋರಿ ಇಣುಕಿ ನೋಡ್ಕೊಂಡು ಹೋಗಿದೀನಮ್ಮ ನಾನು. ನಿಂಗೆ ಅದು ಗೊತ್ತಾ?"

ಹಲಗೆ ಬೀರು ಸೇರಿತು. ಸಂಜೆ ಬಂದವರು ಬರಿ ಗೋಡೆ ನೋಡಿದರು, ನನ್ನ ನೋಡಿದರು, ಪೇಪರನ್ನ ಕೈಯುದ್ದ ಹಿಡಿದರು. ಯಾರೂ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನನ್ನನ್ನು ಕೆಲಸದಿಂದ ತೆಗೀತಾರೆ ಅಂತಲೇ ದಿನ ನೂಕುತ್ತಿದ್ದೆ.

ವಾರ ಕಳೆದ ಮೇಲೆ ಮಗಳು ಮತ್ತೆ ಬಂದರು. ಜಗಳಕ್ಕೇ ಬಂದಿದ್ದಾರೆ ಅಂತ ಎದ್ದು ನಿಂತೆ. ಅವರು ಮೆಲ್ಲಗೆ, "ಆವತ್ತು ಆಸ್ಪತ್ರೆಲಿದ್ದೋರು ಏನಾದ್ರು ರೀ? ನಮ್ಮಪ್ಪ ಅಲ್ಲ ಅಂತ ಅಷ್ಟು ಸಂತೋಷಪಟ್ಟುಬಿಟ್ಟೆ. ಅವರೂ ಯಾರದೋ ಅಪ್ಪನೇ ತಾನೇ? ನನಗೆ ಊಟ ಸೇರ್ತಿಲ್ಲ" ಅಂದರು. ನನಗೂ ಆ ಗಂಟು ಕಣ್ಮುಂದೆ ಬರ್ತಾನೇ ಇತ್ತು.

ಭಾನುವಾರ ಆಸ್ಪತ್ರೆಗೆ ಹೋಗೋಣ ಅಂತ ಗೊತ್ತುಮಾಡಿಕೊಂಡೆವು. ಆ ಮನುಷ್ಯರ ಒಡೆದ ಕನ್ನಡಕವನ್ನು ಕಣ್ಣಾರೆ ಕಂಡವಳು ನಾನು. ಧೈರ್ಯ ಮಾಡಿ ಗ್ರಂಥಪಾಲಕರ ಹತ್ತಿರ ಬೀರುವಿನ ಬೀಗದಕೈ ಕೇಳಿದೆ, ಯಾಕೆ ಅಂತಲೂ ಹೇಳಿದೆ. ಅವರು ಬೀಗದಕೈ ಗೊಂಚಲು ತೆಗೆದು ಮೇಜಿನ ಮೇಲೆ ಕುಕ್ಕಿದರು. ಕೆಲಸ ಹೋಯಿತು ಅಂದುಕೊಂಡೆ.

"ಬರೀ ಕನ್ನಡಕ ತಗೊಂಡು ಹೋಗಿ ಏನ್ ಮಾಡ್ತೀರಿ? ಓದೋಕ್ಕೆ ಏನಾದ್ರೂ ಬೇಡ್ವಾ?" ಅಂದರು. ಎದ್ದು ಅವರೇ ಪುಸ್ತಕ ಆರಿಸಿ ಚೀಲಕ್ಕೆ ತುಂಬಿದರು.

ಆ ಮನುಷ್ಯ ಬದುಕಿದ್ದರು. ಕೆಂಗೇರಿ ಕಡೆಯವರು, ಗೋಡೌನ್ ಒಂದರ ಕಾವಲುಗಾರರು. ಕಾಲಿಗೆ ಪ್ಲಾಸ್ಟರ್ ಹಾಕಿ ಮೇಲೆತ್ತಿ ಕಟ್ಟಿದ್ದರು, ಪಕ್ಕದಲ್ಲಿ ಹೆಂಡತಿ ಕೂತಿದ್ದರು. ನಾವು ಯಾರು, ಯಾಕೆ ಬಂದೆವು ಅಂತ ಹೇಳಿದಾಗ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗಳು ಒಂದೊಂದೇ ಕನ್ನಡಕ ಹಾಕಿಸಿ ನೋಡಿದರು. ಹಸಿರು ದಾರದ್ದು ಸರಿಹೋಯಿತು. ಅಷ್ಟರಲ್ಲಿ ಆಚೆ ಮಂಚದವರು, "ಅಮ್ಮಾ, ನನಗೂ ಒಂದು ನೋಡಿ" ಅಂದರು. ಅವರ ಪಕ್ಕದವರೂ ಕೈ ಚಾಚಿದರು. ಸಿಸ್ಟರ್ ಬಂದು ಗದರಿದರು. ನಮ್ಮನ್ನು ಹೊರಗೆ ಹಾಕುತ್ತಾರೆ ಅನ್ನುವಷ್ಟರಲ್ಲಿ, "ಮುಂದಿನ ಸಲ ಡಾಕ್ಟರ್ ರೌಂಡ್ಸ್ ಮುಗಿದ ಮೇಲೆ ಬನ್ನಿ" ಅಂತ ಹೇಳಿ ಹೋದರು.

ಹಾಗೆ ನಮ್ಮ ಶಾಖೆಗೆ ಆಸ್ಪತ್ರೆಯ ಭಾನುವಾರ ಸೇರಿಕೊಂಡಿತು. ಗೋಡೆಗೆ ಹಲಗೆಯೂ ವಾಪಸ್ ಬಂತು. ಆದರೆ ಒಂದೊಂದು ಕನ್ನಡಕಕ್ಕೂ ಉದ್ದನೆಯ ಹುರಿ ಕಟ್ಟಿ, ಅದನ್ನು ಮೇಜಿನ ಕಾಲಿಗೆ ಗಂಟು ಹಾಕಿದವರು ಗ್ರಂಥಪಾಲಕರೇ. ಮಗಳು ಅಪ್ಪನಿಗೆ ಅವರದೇ ಕನ್ನಡಕ ಮಾಡಿಸಿಕೊಟ್ಟರು. ಬಸ್ಸಿನಲ್ಲಿ ಪುಸ್ತಕ ತೆಗೆಯಂಗಿಲ್ಲ ಅಂತ ಅವರಿಂದ ಆಣೆ ಮಾಡಿಸಿಕೊಂಡಿದ್ದರಂತೆ. ಯಜಮಾನರು ಅದನ್ನು ನನಗೆ ಹೇಳಿದ್ದು ನಗುತ್ತ, ಇನ್ನೊಂದು ಕಾದಂಬರಿಗೆ ಮುದ್ರೆ ಹಾಕಿಸಿಕೊಳ್ಳುವಾಗ.