ಜಗಳ ಮುಂದೂಡಿದ ಮೇಡಂ

ಮಕ್ಕಳಿಗೆ ಓದು ಕಲಿಸುವ ಕೆಲಸದಲ್ಲೇ ಕೂದಲು ನರೆಸಿಕೊಂಡು, ನಗರ ಗ್ರಂಥಾಲಯದ ಮಕ್ಕಳ ವಿಭಾಗದಿಂದ ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರಿಗೆ ಸರಿಸಾಟಿಯಾದವರನ್ನು ನಾನು ಕಂಡಿಲ್ಲ. ನಾಲ್ಕನೆಯ ತರಗತಿಗೇ ಶಾಲೆಗೆ ಬೆನ್ನು ತಿರುಗಿಸಿದ ವೆಲ್ಡರನೊಬ್ಬ ಅವರ ಈ ಅಭಿನಂದನಾ ಸಂಪುಟದಲ್ಲಿ ಬರೆಯುತ್ತಿರುವುದೇ ಅದಕ್ಕೆ ಸಾಕ್ಷಿ.

ಗ್ಯಾರೇಜುಗಳ ಬೀದಿಯಲ್ಲಿ ಅವರು ನಡೆಸುವ ಸಂಜೆಯ ಓದುಕೋಣೆಗೆ ನಾನು ಮೊದಲು ಹೋದದ್ದು ಕಿಟಕಿಯ ಸರಳು ಬೆಸೆಯಲು. ಕೂಲಿಯ ಜೊತೆಗೆ ಅವರು ಒಂದು ಪುಸ್ತಕವನ್ನೂ ಕೈಗಿತ್ತರು. ಮರುದಿನದಿಂದ ಮಕ್ಕಳ ನಡುವೆ ನಾನೂ ಕುಳಿತೆ. ತಡವರಿಸಿ, ಸಿಟ್ಟಿನಿಂದ ಪುಸ್ತಕ ಮುಚ್ಚಿದಾಗಲೆಲ್ಲ ಅವರದು ಒಂದೇ ಮಾತು: "ಇನ್ನೊಂದು ಸಾಲು ಓದಪ್ಪಾ, ಆಮೇಲೆ ಜಗಳ ಆಡೋಣ." ಹೀಗೆ ಜಗಳವನ್ನು ಮುಂದೂಡುತ್ತಲೇ ನನ್ನನ್ನು ಓದುಗನನ್ನಾಗಿ ಮಾಡಿದರು.

ಕಳೆದ ವರ್ಷ ಕಟ್ಟಡದ ಮಾಲೀಕರು ಕೋಣೆಯನ್ನು ಕೊಳ್ಳಿ, ಇಲ್ಲವೇ ಬಿಡಿ ಎಂದರು. ಈ ಸಂಪುಟಕ್ಕೆ ಶುಭಾಶಯ ಕಳಿಸಿರುವ ಗಣ್ಯರ ಬಾಗಿಲಿಗೆಲ್ಲ ನಾವು ಅಲೆದೆವು; ಹೊಗಳಿಕೆ ಧಾರಾಳವಾಗಿ ಸಿಕ್ಕಿತು, ಹಣ ಹುಟ್ಟಲಿಲ್ಲ. (ಸಂಪಾದಕರು ಈ ವಾಕ್ಯಕ್ಕೆ ಕತ್ತರಿ ಹಾಕಬಾರದಾಗಿ ವಿನಂತಿ.) ಕೊನೆಗೆ ಮೇಡಂ, ಊರಾಚೆಯ ಸರೋವರವನ್ನು ಈಜಿ ದಾಟುವುದಾಗಿ ಸಾರಿದರು. ಸುದ್ದಿ ಕೇಳಿ ಕೆಲವು ದಾನಿಗಳು ಮುಂದೆ ಬಂದರು; ಆದರೆ ಜೊತೆಗೆ ಬರುವ ದೋಣಿಯನ್ನು ಮುಟ್ಟದೆ ಆಚೆ ದಡ ಸೇರಿದರೆ ಮಾತ್ರ ಹಣ ಕೊಡುವರು. ಮುಟ್ಟಿದರೆ ಓದುಕೋಣೆಗೆ ಬೀಗ.

"ಈ ವಯಸ್ಸಲ್ಲಿ ಇದೇನು ಹುಚ್ಚಾಟ ಮೇಡಂ?" ಎಂದು ಕೂಗಾಡಿದೆ.

"ಅಲ್ಲಿ ದೋಣೀಲಿ ಕೂತು ಹೀಗೆ ಕೂಗ್ಬೇಡ. ನೀರು ಹೋಗ್ದಿರ್ಲಿ ಅಂತ ಕಿವಿಗೆ ಮೇಣ ಹಾಕ್ಕೊಂಡಿರ್ತೀನಿ, ಕೇಳ್ಸಲ್ಲ. ಹೇಳೋದನ್ನ ಸ್ಲೇಟಲ್ಲಿ ಬರೆದು ತೋರ್ಸು."

ಸ್ಲೇಟು ಹಿಡಿದು ದೋಣಿ ಹತ್ತಿದೆ. "ಏನಪ್ಪಾ, ಪರೀಕ್ಷೆ ಅವರಿಗೋ ನಿನಗೋ?" ಎಂದು ದೋಣಿಯವನು ನಕ್ಕ.

ನಡುನೀರಿನಲ್ಲಿ ಎದುರುಗಾಳಿ ಎದ್ದಿತು. ಮೇಡಂ ಅವರ ಕಾಲು ಹಿಡಿದುಕೊಂಡಿತು. 'ಸಾಕು, ಹತ್ತಿ' ಎಂದು ಬರೆದು ತೋರಿಸಿದೆ; ಇನ್ನೊಂದು ಕೈ ತಾನಾಗಿ ಚಾಚಿಕೊಂಡಿತು. ಅವರು ಬೇಡವೆಂದು ತಲೆಯಾಡಿಸಿ, ಅಂಗಾತ ತೇಲುತ್ತ ಮೀನಖಂಡ ತಿಕ್ಕಿಕೊಂಡರು. ಕಾಲು ಸಡಿಲವಾಯಿತು, ಆದರೆ ಮನಸ್ಸು ಸೋತಂತಿತ್ತು. ಅವರ ಕೈ ನಿಧಾನವಾಗಿ ದೋಣಿಯ ಅಂಚಿನತ್ತ ಏಳತೊಡಗಿತು.

"ಎಳ್ಕೊಳ್ಳಯ್ಯಾ, ನೋಡ್ತಾ ಕೂತಿದ್ದೀಯಲ್ಲ!" ಎಂದ ದೋಣಿಯವನು.

ನಾನು ಕೈ ಹಿಂದಕ್ಕೆ ತೆಗೆದೆ. ಅಂಗಿಯ ತೋಳಿನಿಂದ ಸ್ಲೇಟು ಒರೆಸಿ ದಪ್ಪಕ್ಷರದಲ್ಲಿ ಬರೆದೆ: 'ಇನ್ನೊಂದು ಸಾಲು, ಮೇಡಂ. ಆಮೇಲೆ ಜಗಳ ಆಡೋಣ.'

ಓದಿದವರೇ ಬಾಯ್ತುಂಬ ನಕ್ಕು, ನೀರು ಕುಡಿದು ಕೆಮ್ಮಿದರು. ಏಳುತ್ತಿದ್ದ ಕೈ ನೀರಿಗೇ ಮರಳಿ, ಮುಂದಕ್ಕೆ ಬೀಸಿತು. ದಡ ಕಾಣುವವರೆಗೂ ನಾನು ಸ್ಲೇಟು ಇಳಿಸಲಿಲ್ಲ.

ಮೊಣಕಾಲುದ್ದದ ನೀರಿನಲ್ಲಿ ನಿಂತು ಕಿವಿಯ ಮೇಣ ಕಿತ್ತವರ ಮೊದಲ ಮಾತು: "ಬಾರಪ್ಪಾ, ಈಗ ಆಡು ಜಗಳ." ನಾನು ದೋಣಿಯಿಂದ ಧುಮುಕಿದೆ. ಹೋದ ಜೀವ ಬಂದಂತಾಗಿ ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟೆ.

ಓದುಕೋಣೆ ಈಗ ಮಕ್ಕಳದೇ. ಗ್ರಂಥಾಲಯದಿಂದ ನಿವೃತ್ತರಾದರೂ ಸಂಜೆ ಅವರು ಅಲ್ಲಿಗೆ ತಪ್ಪದೆ ಬರುವರೆಂಬುದೇ ನಮ್ಮ ನೆಮ್ಮದಿ. ನಾನು ಇಷ್ಟು ವರ್ಷ ಬಾಕಿ ಉಳಿಸಿಕೊಂಡಿರುವ ಜಗಳಗಳೆಲ್ಲ ಆಡಿ ಮುಗಿಯುವಷ್ಟು ದೀರ್ಘವಾದ ಆಯುಸ್ಸು ಮೇಡಂ ಅವರದಾಗಲಿ. ಅಲ್ಲಿಯವರೆಗೆ ಅವರು ನೀರಿಗೆ ಮಾತ್ರ ಇಳಿಯದಿರಲಿ.